ಶಿವಪೂಜೆಯ ತುಂಬೆ: ಗುರುತು ಮತ್ತು ಪಾಲನೆ

ಮುಂಗಾರಿನ ಹದಮಳೆಗೆ ನೆಲವು ತೇವಗೊಂಡೊಡನೆ ಬದುಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ತಾನಾಗಿ ಮೊಳೆಯುವ ಸಸ್ಯ ತುಂಬೆ. ಹೊನ್ನಾಳಿ, ನ್ಯಾಮತಿಗಳ ಗದ್ದೆಯ ಬದುಗಳಲ್ಲಿ, ಚನ್ನಗಿರಿಯ ಅಡಿಕೆ ತೋಟದ ಅಂಚುಗಳಲ್ಲಿ ತೇವವು ಹೆಚ್ಚು ಕಾಲ ನಿಲ್ಲುವುದರಿಂದ ಅದಕ್ಕೆ ಅನುಕೂಲ. ಮಳೆ ವಿರಳವಾದ ಜಗಳೂರಿನಲ್ಲಿ ಅದರ ಬಾಳು ಅಲ್ಪಕಾಲದ್ದು.

ತುಳಸಿಯ ಕುಟುಂಬಕ್ಕೆ ಸೇರಿದ ಇದರ ಶಾಸ್ತ್ರೀಯ ನಾಮ ಲ್ಯೂಕಾಸ್ ಆಸ್ಪೆರ. ಕಾಂಡವು ಚೌಕಾಕಾರ, ಎಲೆಗಳು ಕಿರಿದು, ಎದುರುಬದುರು. ಗಿಣ್ಣುಗಳ ಸುತ್ತ ಗುಂಪಾಗಿ ಅರಳುವ ಬಿಳಿಯ ಹೂವಿಗೆ ಎರಡು ತುಟಿಗಳು: ಮೇಲಿನದು ಚಿಕ್ಕದು, ರೋಮಯುಕ್ತ, ಕೆಳಗಿನದು ಅಗಲ.

ಬೆಳೆಸುವ ಕ್ರಮ ಸುಲಭ. ಒಣಗಿದ ಪುಷ್ಪಪಾತ್ರೆಗಳನ್ನು ಉಜ್ಜಿದರೆ ಕಂದು ಬೀಜಗಳು ದೊರೆಯುತ್ತವೆ. ಮಳೆಯ ಆರಂಭದಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ತೇವದ ಮಣ್ಣಿನ ಮೇಲೆ ಅವನ್ನು ಚೆಲ್ಲಿ ತೆಳುವಾಗಿ ಮಣ್ಣು ಉದುರಿಸಬೇಕು.

ಮತ್ತೆ ಮತ್ತೆ ಕಳೆನಾಶಕ ಸಿಂಪಡಿಸಿದ ಬದುವಿನಲ್ಲಿ ತುಂಬೆಯೂ ಉಳಿಯದು, ಅದರ ಮಧುವನ್ನರಸುವ ಜೇನೂ ಸುಳಿಯದು. ಪೂಜೆಗೆಂದು ಗಿಡವನ್ನೇ ಕಿತ್ತರೆ ಮರುವರ್ಷಕ್ಕೆ ಬೀಜವಿಲ್ಲ. ಜೇನು ಬಂದುಹೋದ ಬಳಿಕ ಬಿಳಿಯ ದಳವನ್ನಷ್ಟೇ ಮೃದುವಾಗಿ ಬಿಡಿಸಿಕೊಂಡರೆ ಬೀಜದ ಮೂಲವು ಪಾತ್ರೆಯಲ್ಲಿಯೇ ಉಳಿದು ಮಾಗುತ್ತದೆ. ಶಿವನಿಗೆ ಹೂವು, ಭೂಮಿಗೆ ಬೀಜ ಎರಡೂ ಸಲ್ಲುವ ಈ ರೀತಿಯನ್ನು ಶಾಲೆಯ ಕೈತೋಟದಲ್ಲಿಯೇ ಮಕ್ಕಳಿಗೆ ಕಲಿಸುವುದು ಯುಕ್ತ.