ತಿಪ್ಪೇಸ್ವಾಮಿ: ಒಂದು ಹೆಸರಿನ ಕಥೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ – ಈ ಸೀಮೆಯ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ‘ತಿಪ್ಪೇಸ್ವಾಮಿ’ ಎಂಬ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. ಹೆಸರನ್ನು ಕೂಗಿದಾಗ ಸಹಪಾಠಿಗಳು ಮುಸಿಮುಸಿ ನಗುವುದೂ, ಆ ಬಾಲಕನು ತಲೆ ತಗ್ಗಿಸುವುದೂ ಉಂಟು. ನಗುವವನಿಗೆ ಆ ಹೆಸರಿನ ಅರ್ಥ ತಿಳಿಯದು, ನಾಚುವವನಿಗೂ ತಿಳಿಯದು.

ತಿಪ್ಪೆಯೆಂದರೆ ಬರಿಯ ಕಸದ ಗುಡ್ಡೆಯಲ್ಲ. ಸಗಣಿ, ಬೂದಿ, ಕಸಕಡ್ಡಿಗಳು ಅಲ್ಲಿ ಕೊಳೆತು ಗೊಬ್ಬರವಾಗುತ್ತವೆ. ಮಳೆಗಾಲಕ್ಕೆ ಮೊದಲು ಹೊಲವನ್ನು ಸೇರುತ್ತವೆ. ರೈತನಿಗೆ ಅದು ಮುಂದಿನ ಬೆಳೆಯ ಬಂಡವಾಳ. ತಿಪ್ಪೆ ಹೋಗಿ ಉಪ್ಪರಿಗೆಯಾದೀತೆಂಬ ಗಾದೆಯನ್ನು ಹಿರಿಯರು ಸುಮ್ಮನೆ ಆಡಲಿಲ್ಲ.

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಅದೇ ಹೆಸರನ್ನಿಡುವ ವಾಡಿಕೆಯಿತ್ತು. ಕೀಳು ಹೆಸರಿನ ಮಗುವನ್ನು ಮೃತ್ಯುವೂ ಬಯಸದೆಂಬುದು ತಾಯಂದಿರ ನಂಬಿಕೆ. ತೆಲುಗಿನ ಪೆಂಟಯ್ಯ, ತಮಿಳಿನ ಕುಪ್ಪುಸ್ವಾಮಿ ಎಂಬ ಹೆಸರುಗಳಲ್ಲಿಯೂ ಕಸದ ಗುಡ್ಡೆ ಎಂಬ ಅರ್ಥವೇ ಅಡಗಿದೆ. ಹೆಸರು ಒರಟಾದರೂ ಅದರ ಹಿಂದಿರುವುದು ಮಮತೆ.

ಈ ಹೆಸರಿಗೆ ಇನ್ನೊಂದು ಮೂಲವೂ ಉಂಟು. ವಾಮನನ ಅಲಂಕಾರಗ್ರಂಥಕ್ಕೆ ‘ಕಾಮಧೇನು’ ಎಂಬ ವ್ಯಾಖ್ಯಾನವನ್ನು ಬರೆದ ಗೋಪೇಂದ್ರ ತಿಪ್ಪ ಭೂಪಾಲನ ಹೆಸರು ಸಂಸ್ಕೃತದಲ್ಲಿ ‘ತ್ರಿಪುರಹರ’ ಎಂದಿದೆ. ಅಂದಮೇಲೆ ‘ತಿಪ್ಪ’ ಎಂಬುದು ಶಿವನಾಮದ ಸಂಕ್ಷಿಪ್ತ ರೂಪವಾಗಿಯೂ ಬಳಕೆಯಲ್ಲಿತ್ತು. ಹೀಗೆ ತಿಪ್ಪೆಯೂ ತ್ರಿಪುರಹರನೂ ಒಂದೇ ಹೆಸರಿನಲ್ಲಿ ಬೆರೆತರು.

ದುರ್ಗದ ಸೀಮೆಯಲ್ಲಿ ಈ ಹೆಸರಿಗೆ ಗೌರವವನ್ನು ತಂದವರು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು. ಮಳೆ ಕಡಿಮೆಯಾದ ಆ ನಾಡಿನಲ್ಲಿ ಅವರು ಕೆರೆಗಳನ್ನು ಕಟ್ಟಿಸಿದರೆಂದೂ, ದುಡಿದವನಿಗೆ ದುಡಿದಷ್ಟೇ ಕೂಲಿ ದೊರೆಯುವಂತೆ ಮಾಡಿದರೆಂದೂ ಜನ ಇಂದಿಗೂ ಸ್ಮರಿಸುತ್ತಾರೆ. ಫಾಲ್ಗುಣ ಮಾಸದ ರಥೋತ್ಸವಕ್ಕೆ ಹರಕೆ ಹೊತ್ತವರು ಮಕ್ಕಳಿಗೆ ಸ್ವಾಮಿಯ ಹೆಸರನ್ನಿಡುತ್ತಾರೆ.

ಆ ಹೆಸರು ಮನೆಮನೆಯಲ್ಲಿ ರೂಪಾಂತರ ಹೊಂದಿತು: ತಿಪ್ಪಣ್ಣ, ತಿಪ್ಪಯ್ಯ, ತಿಪ್ಪೇಶ, ತಿಪ್ಪೇರುದ್ರಪ್ಪ, ಹೆಣ್ಣುಮಕ್ಕಳಲ್ಲಿ ತಿಪ್ಪಮ್ಮ, ತಿಪ್ಪಕ್ಕ. ‘ತಿಪ್ಪೆ’ಗೆ ‘ಅಣ್ಣ’ ಸೇರಿದಾಗ ಎಕಾರವು ಲೋಪವಾಗಿ ‘ತಿಪ್ಪಣ್ಣ’ ಎಂದಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆದರೆ ಧ್ವನಿಸಾಮ್ಯವೊಂದೇ ಸಂಬಂಧಕ್ಕೆ ಆಧಾರವಲ್ಲ. ಟಿಪ್ಪು ಸುಲ್ತಾನನ ಹೆಸರು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರಿಂದ ಬಂದುದು.

ಹೊನ್ನಾಳಿಯಲ್ಲಿ 1928ರಲ್ಲಿ ಜನಿಸಿದ ಎಚ್. ತಿಪ್ಪೇರುದ್ರಸ್ವಾಮಿಯವರು ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ ಎಂಬ ಗ್ರಂಥಕ್ಕಾಗಿ 1969ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಆ ಹೆಸರನ್ನು ಅವರು ಮರೆಮಾಡಲಿಲ್ಲ, ಬದಲಾಯಿಸಲಿಲ್ಲ.

ಹೆಸರು ಹಿರಿಯರು ಕೊಟ್ಟ ಮೊದಲ ಆಸ್ತಿ. ಅದರ ಅರ್ಥವನ್ನು ಅರಿತವನು ಮುಂದೆ ಹಾಜರಿ ಕೂಗಿದಾಗ ತಲೆಯೆತ್ತಿ ಉತ್ತರಿಸುತ್ತಾನೆ.

ಅಭ್ಯಾಸ
1. ಮಕ್ಕಳಿಗೆ ‘ತಿಪ್ಪ’ ಎಂಬ ಹೆಸರಿಡುತ್ತಿದ್ದುದರ ಹಿನ್ನೆಲೆಯೇನು?
2. ‘ತಿಪ್ಪಮ್ಮ’ – ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ.
3. ನಿಮ್ಮ ಮನೆಯ ಹಿರಿಯರೊಬ್ಬರ ಹೆಸರಿನ ಮೂಲವನ್ನು ಕೇಳಿ ತಿಳಿದು ಬರೆಯಿರಿ.