ಮನೆಯ ಪ್ರಾರ್ಥನೆಯಲ್ಲಿ ದೀಪವೂ ಬಣ್ಣವೂ

ಸತ್ಯವೇದವು ಬೆಳಕಿನ ಸೃಷ್ಟಿಯಿಂದ ಪ್ರಾರಂಭವಾಗಿ, ದೀಪವಾಗಲಿ ಸೂರ್ಯನಾಗಲಿ ಬೇಕಾಗದ ಪಟ್ಟಣದ ದರ್ಶನದಲ್ಲಿ ಪರಿಸಮಾಪ್ತಿಗೆ ಬರುತ್ತದೆ. ನಡುವೆ ದೇವದರ್ಶನದ ಗುಡಾರದಲ್ಲಿ ಏಳು ಹಣತೆಗಳ ದೀಪಸ್ತಂಭವುಂಟು; ದೇವರ ವಾಕ್ಯವನ್ನು ತನ್ನ ಕಾಲಿಗೆ ದೀಪವೆಂದು ಕಂಡ ಕೀರ್ತನೆಗಾರನುಂಟು; ಎಣ್ಣೆಯನ್ನು ತಂದ ಐವರು ಕನ್ಯೆಯರೂ ಮರೆತುಬಂದ ಐವರು ಕನ್ಯೆಯರೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ತಾನೇ ಲೋಕಕ್ಕೆ ಬೆಳಕೆಂದು ಕರ್ತನು ತಿಳಿಸಿದ್ದಾನೆ. ಹೀಗಿರಲಾಗಿ ಕ್ರೈಸ್ತ ಕುಟುಂಬವು ಸಂಜೆಯ ಪ್ರಾರ್ಥನೆಗೆ ಕೂಡುವಾಗ ಮೇಣದ ಬತ್ತಿಯೊಂದನ್ನು ಹಚ್ಚುವುದು ಹೊಸ ಪದ್ಧತಿಯೇನೂ ಅಲ್ಲ. ಆದರೆ ಆ ಜ್ವಾಲೆಯು ಏನನ್ನು ಕಲಿಸುತ್ತದೆ, ಏನನ್ನು ಕಲಿಸಲಾರದು ಎಂಬುದನ್ನು ತಾಯಂದಿರು ಸ್ಪಷ್ಟವಾಗಿ ತಿಳಿದಿರುವುದು ಅವಶ್ಯ.

1. ಒಂದು ಸಂದೇಹ

ದೀಪವನ್ನೂ ಬಣ್ಣವನ್ನೂ ಪ್ರಾರ್ಥನೆಯಲ್ಲಿ ಸೇರಿಸಿದರೆ ಅದು ವಿಗ್ರಹಾರಾಧನೆಗೆ ಎಡೆಮಾಡುವುದಿಲ್ಲವೇ ಎಂದು ನಮ್ಮ ಹಿರಿಯರಲ್ಲಿ ಅನೇಕರು ಕೇಳಿದ್ದುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ಮೋಶೆಯು ಅಡವಿಯಲ್ಲಿ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪವು ದೇವರ ಅಪ್ಪಣೆಯಿಂದಲೇ ಆದದ್ದು. ಆದರೂ ಕಾಲಾಂತರದಲ್ಲಿ ಜನರು ಅದಕ್ಕೇ ಧೂಪ ಹಾಕತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನು ಒಡೆದುಹಾಕಿದನೆಂದು ಎರಡನೆಯ ಅರಸುಗಳ ಗ್ರಂಥದ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ಗುರುತು ಒಳ್ಳೆಯದೇ, ಗುರುತು ತೋರಿಸುವಾತನನ್ನು ಬಿಟ್ಟು ಗುರುತಿಗೇ ಶರಣಾಗುವುದು ಕೆಟ್ಟದ್ದು. ಇಂಥ ಬಣ್ಣದ ಬತ್ತಿಯನ್ನು ಹಚ್ಚಿದರೆ ಹಣ ಬರುವುದು, ಇಂಥದ್ದರಿಂದ ರೋಗ ವಾಸಿಯಾಗುವುದು ಎಂಬ ಮಾತು ಎಲ್ಲಿ ಕೇಳಿಬಂದರೂ ಅದು ಪ್ರಾರ್ಥನೆಯಲ್ಲ, ಮಾಟಕ್ಕೆ ಸಮೀಪವಾದದ್ದು. ಬತ್ತಿಯು ದೇವರನ್ನು ಎಚ್ಚರಿಸುವುದಿಲ್ಲ, ನಮ್ಮನ್ನು ಎಚ್ಚರಿಸುತ್ತದೆ.

2. ಬಂಡಿಯ ಗಾಲಿಯ ಮೇಲೆ ದೀಪಗಳು

ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಒಂದೊಂದಾಗಿ ಬತ್ತಿ ಹಚ್ಚುವ ಆಗಮನ ಕಾಲದ ಹಸುರು ಬಳೆಯನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ಇದರ ಕಥೆಯು ಬಡಮಕ್ಕಳ ಮನೆಯೊಂದರಲ್ಲಿ ಪ್ರಾರಂಭವಾಗುತ್ತದೆ. ಜರ್ಮನಿಯ ಯೋಹಾನ್ ಹಿನ್ರಿಖ್ ವಿಖರ್ನ್ (1808–1881) ಎಂಬ ದೈವಜ್ಞರು 1833ರಲ್ಲಿ ಹ್ಯಾಂಬರ್ಗ್ ಪಟ್ಟಣದ ಬಳಿ ದಿಕ್ಕಿಲ್ಲದ ಮಕ್ಕಳಿಗಾಗಿ 'ರೌಹೆಸ್ ಹೌಸ್' ಎಂಬ ಆಶ್ರಯಸ್ಥಾನವನ್ನು ಸ್ಥಾಪಿಸಿದರು. ಅದರ ಮರುವರ್ಷವೇ, ಅಂದರೆ 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರೆಂಬುದನ್ನು ನೆನೆದರೆ ಆ ಕಾಲವು ನಮಗೆ ದೂರವಾಗಿ ತೋರದು.

ಹಬ್ಬ ಯಾವಾಗ ಬರುವುದೆಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. 1839ರಲ್ಲಿ ವಿಖರ್ನರು ಮರದ ಗಾಲಿಯೊಂದರ ಮೇಲೆ ಭಾನುವಾರಗಳಿಗೆ 4 ದೊಡ್ಡ ಬಿಳಿಯ ಬತ್ತಿಗಳನ್ನೂ ವಾರದ ದಿನಗಳಿಗೆ 20 ಚಿಕ್ಕ ಕೆಂಪು ಬತ್ತಿಗಳನ್ನೂ ನಿಲ್ಲಿಸಿದರು. ದಿನಕ್ಕೊಂದು ಬತ್ತಿ ಹೆಚ್ಚುತ್ತ ಬಂತು. ಬೆಳಕು ಬೆಳೆಯುತ್ತ ಬಂತು. ಮಕ್ಕಳು ಲೆಕ್ಕವನ್ನೂ ಕಲಿತರು, ಕಾಯುವುದನ್ನೂ ಕಲಿತರು. ಆ ವರ್ಷದ ಆಗಮನ ಕಾಲವು ಡಿಸೆಂಬರ್ 1ರಂದು ಪ್ರಾರಂಭವಾದ್ದರಿಂದ 20 ಕೆಂಪು ಬತ್ತಿಗಳು ಬೇಕಾದವು. ವರ್ಷವನ್ನನುಸರಿಸಿ ಇವು 18ರಿಂದ 24ರ ವರೆಗೆ ಬೇಕಾಗುತ್ತವೆ. ಮುಂದೆ ಗಾಲಿಗೆ ಹಸುರು ಕೊಂಬೆಗಳನ್ನು ಸುತ್ತಿದರು. ಮನೆಗಳಿಗೆ ಒಪ್ಪುವಂತೆ ಚಿಕ್ಕ ಬತ್ತಿಗಳನ್ನು ಬಿಟ್ಟು ನಾಲ್ಕನ್ನೇ ಉಳಿಸಿಕೊಂಡರು. ಪ್ರೊಟೆಸ್ಟಂಟ್ ಕುಟುಂಬಗಳ ಈ ಪದ್ಧತಿಯು 1925ರಲ್ಲಿ ಕೊಲೋನ್ ಪಟ್ಟಣದ ಕಥೋಲಿಕ ದೇವಾಲಯವೊಂದನ್ನೂ ಸೇರಿತು.

3. ಬಣ್ಣಗಳ ಅರ್ಥ

1198ರಲ್ಲಿ ಪೋಪರಾದ ಮೂರನೆಯ ಇನ್ನೊಸೆಂಟರು ಅದಕ್ಕೆ ಮುಂಚೆ ಬರೆದ ಗ್ರಂಥವೊಂದರಲ್ಲಿ ಆರಾಧನೆಗೆ ಮುಖ್ಯವಾಗಿ ಬಿಳುಪು, ಕೆಂಪು, ಕಪ್ಪು, ಹಸುರು ಎಂಬ ನಾಲ್ಕು ಬಣ್ಣಗಳನ್ನು ವಿವರಿಸಿದ್ದಾರೆ. ಇಂದು ಬಹು ಸಭೆಗಳಲ್ಲಿ ರೂಢಿಯಾಗಿರುವ ಕ್ರಮವು ಹೀಗಿದೆ:

ನೇರಳೆ: ಆಗಮನ ಕಾಲಕ್ಕೂ ತಪಸ್ಸಿನ ಕಾಲಕ್ಕೂ ಸಲ್ಲುತ್ತದೆ. ಇದು ಪಶ್ಚಾತ್ತಾಪದ ಬಣ್ಣ, ಅರಸುತನದ ಬಣ್ಣವೂ ಹೌದು. ಸಿಪಾಯಿಗಳು ಕರ್ತನಿಗೆ ಹಾಸ್ಯಕ್ಕಾಗಿ ತೊಡಿಸಿದ ವಸ್ತ್ರವನ್ನು ಇದು ನೆನಪಿಗೆ ತರುತ್ತದೆ.

ಗುಲಾಬಿ: ಆಗಮನದ ಮೂರನೆಯ ಭಾನುವಾರಕ್ಕೆ. ಕಾಯುವಿಕೆಯ ನಡುವೆ ಸಂತೋಷವು ಇಣಿಕುವ ದಿನವದು.

ಬಿಳುಪು: ಕ್ರಿಸ್ಮಸ್ಸಿಗೂ ಪುನರುತ್ಥಾನದ ಹಬ್ಬಕ್ಕೂ.

ಕೆಂಪು: ಪವಿತ್ರಾತ್ಮನ ಬೆಂಕಿಗೂ ರಕ್ತಸಾಕ್ಷಿಗಳ ನೆನಪಿಗೂ.

ಹಸುರು: ಹಬ್ಬವಿಲ್ಲದ ದೀರ್ಘ ಕಾಲಕ್ಕೆ, ಪೈರಿನಂತೆ ಸದ್ದಿಲ್ಲದೆ ಬೆಳೆಯುವ ಭಕ್ತಿಗೆ.

ಈ ಕ್ರಮವು ಸಭೆಯ ಸಂಪ್ರದಾಯವೇ ಹೊರತು ವೇದದ ಆಜ್ಞೆಯಲ್ಲ. ಆಗಮನ ಕಾಲಕ್ಕೆ ಇನ್ನೊಸೆಂಟರು ಹೇಳಿದ್ದು ಕಪ್ಪು. ವಿಖರ್ನರು ಹಚ್ಚಿದ್ದು ಕೆಂಪು ಮತ್ತು ಬಿಳುಪು. ಕೆಲವು ಸಭೆಗಳಲ್ಲಿ ಇಂದು ನೀಲಿಯೂ ಉಂಟು. ನಮ್ಮ ನಾಡಿನಲ್ಲಿಯೇ ಬಿಳಿಯ ಸೀರೆಯು ನೆರೆಮನೆಯಲ್ಲಿ ವೈಧವ್ಯವನ್ನು ಸೂಚಿಸಿದರೆ, ನಮ್ಮ ದೇವಾಲಯದಲ್ಲಿ ಮದುಮಗಳನ್ನು ಅಲಂಕರಿಸುತ್ತದೆ. ಬಣ್ಣವು ತಾನಾಗಿ ಮಾತನಾಡದು. ಯಾರಾದರೂ ಅದಕ್ಕೆ ಅರ್ಥ ಹೇಳಿಕೊಡಬೇಕು. ಆ ಹೇಳಿಕೊಡುವ ಕೆಲಸವೇ ತಾಯಿತಂದೆಗಳದ್ದು.

4. ಮನೆಯಲ್ಲಿ ಆಚರಿಸುವ ವಿಧ

ಹತ್ತು ನಿಮಿಷ ಸಾಕು. ಮನೆಯ ಕಿರಿಯ ಮಗುವು ಹಿರಿಯರ ಕೈಹಿಡಿದು ಬತ್ತಿಯನ್ನು ಹಚ್ಚಲಿ. ಬಣ್ಣದ ಅರ್ಥವನ್ನು ಒಂದೇ ಮಾತಿನಲ್ಲಿ ಹೇಳಿರಿ. ಮೊದಲ ವಾರ ಯೆಶಾಯನ 9ನೆಯ ಅಧ್ಯಾಯದಿಂದ, ಎರಡನೆಯ ವಾರ ಮೀಕನ 5ನೆಯ ಅಧ್ಯಾಯದಿಂದ, ಮೂರನೆಯ ವಾರ ಲೂಕನ ಸುವಾರ್ತೆಯಲ್ಲಿರುವ ಮರಿಯಳ ಗೀತೆಯನ್ನು, ನಾಲ್ಕನೆಯ ವಾರ ಯೋಹಾನನ 1ನೆಯ ಅಧ್ಯಾಯದಿಂದ ಓದಬಹುದು. ಆಮೇಲೆ ಸ್ವಲ್ಪ ಹೊತ್ತು ಎಲ್ಲರೂ ಮೌನವಾಗಿರಲಿ. ಬಳಿಕ ರೋಗಿಗಳನ್ನೂ ದೂರದಲ್ಲಿರುವವರನ್ನೂ ಮುನಿಸಿಕೊಂಡವರನ್ನೂ ಹೆಸರು ಹೇಳಿ ದೇವರಿಗೆ ಒಪ್ಪಿಸಿರಿ.

ಬತ್ತಿಯನ್ನು ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿರಿ. ಸೆರಗನ್ನೂ ಪರದೆಯನ್ನೂ ದೂರವಿಡಿರಿ. ಪ್ರಾರ್ಥನೆ ಮುಗಿದೊಡನೆ ಆರಿಸಿರಿ. ಬಣ್ಣದ ಬತ್ತಿಯು ದೊರೆಯದಿದ್ದರೆ ಬಿಳಿಯ ಬತ್ತಿಗೆ ಬಣ್ಣದ ಕಾಗದವನ್ನು ಬುಡದಲ್ಲಿಡಬಹುದು. ಅದೂ ಇಲ್ಲದ ಮನೆಯಲ್ಲಿ ಮಣ್ಣಿನ ಹಣತೆಯೇ ಸಾಕು. ಆ ಹತ್ತು ಕನ್ಯೆಯರ ಕೈಯಲ್ಲಿದ್ದದ್ದೂ ಎಣ್ಣೆಯ ದೀಪವೇ ಅಲ್ಲವೇ?

ಪ್ರಿಯ ಸೋದರಿಯರೇ, ಈಗಿನ ಮನೆಗಳಲ್ಲಿ ಬೆಳಕಿಗೇನೂ ಕೊರತೆಯಿಲ್ಲ. ಪ್ರತಿ ಕೋಣೆಯಲ್ಲಿಯೂ ವಿದ್ಯುದ್ದೀಪವುಂಟು, ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಫೋನಿನ ಬೆಳಕುಂಟು. ಆದರೆ ಅವು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕರೆದೊಯ್ಯುತ್ತವೆ. ಮನೆಯವರು ಒಂದೇ ಚಾವಣಿಯ ಕೆಳಗಿದ್ದೂ ಒಬ್ಬರ ದುಃಖವನ್ನು ಒಬ್ಬರು ಅರಿಯದೆ ಮಲಗುವ ರಾತ್ರಿಗಳು ಹೆಚ್ಚುತ್ತಿವೆ. ಚಿಕ್ಕ ಬತ್ತಿಯೊಂದು ಎಲ್ಲರ ಮುಖಗಳನ್ನೂ ಒಂದೇ ಸುತ್ತಿಗೆ ಸೇರಿಸಬಲ್ಲದು. ಶಾಲೆಯಲ್ಲಿ ಕೂಡಿ ಪ್ರಾರ್ಥಿಸಲು ಕಲಿತ ನಾವು ನಮ್ಮ ಮಕ್ಕಳಿಗೆ ಈ ಸುತ್ತನ್ನು ಬಾಧ್ಯತೆಯಾಗಿ ಬಿಟ್ಟುಹೋಗೋಣ. ಬತ್ತಿಯು ಕರಗಿ ಮುಗಿಯುತ್ತದೆ. ಅದು ತೋರಿಸಿದ ಬೆಳಕು ಎಂದಿಗೂ ಮುಗಿಯದು.