ಮರಣದಂಡನೆ ಮತ್ತು ಹಿಂಡಲಗಾ ಕಾರಾಗೃಹ

1993ರ ಪಾಲಾರ್ ನೆಲಬಾಂಬ್ ಸ್ಫೋಟದ ಪ್ರಕರಣದಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯವು ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮರಣದಂಡನೆಗೆ ಏರಿಸಲಾಗಿ, ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿದ್ದ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರು ಒಂಬತ್ತು ವರ್ಷ ಕ್ಷಮಾದಾನವನ್ನು ನಿರೀಕ್ಷಿಸಿದರು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಅವರ ಅರ್ಜಿಯನ್ನು ತಿರಸ್ಕರಿಸಿದರು. ಅಕಾರಣ ದೀರ್ಘವಿಳಂಬವು ಚಿತ್ರಹಿಂಸೆಗೆ ಸಮಾನವೆಂದು ಬಗೆದು, ಶತ್ರುಘ್ನ ಚೌಹಾಣ್ ಪ್ರಕರಣದ ಸರ್ವೋಚ್ಚ ನ್ಯಾಯಾಲಯದ ತೀರ್ಪು (21-1-2014) ಇವರೂ ಸೇರಿದಂತೆ 15 ಮಂದಿಯ ದಂಡನೆಯನ್ನು ಜೀವಾವಧಿಗೆ ಇಳಿಸಿತು.

ಈ ತೀರ್ಪಿನ ಮಾರ್ಗಸೂಚಿಗಳೂ ಸೇರಿದಂತೆ ನೆನಪಿಡಬೇಕಾದ ಅಂಶಗಳು:
• ಅರ್ಜಿಯ ತಿರಸ್ಕಾರವನ್ನು ಕೈದಿಗೂ ಕುಟುಂಬಕ್ಕೂ ಲಿಖಿತವಾಗಿ ತಿಳಿಸತಕ್ಕದ್ದು.
• ಕೈದಿಯು ಮನಸ್ಸನ್ನು ಸಿದ್ಧಗೊಳಿಸಿಕೊಂಡು ಬಂಧುಗಳನ್ನು ಕಡೆಯ ಬಾರಿ ಕಾಣುವಂತೆ, ಗಲ್ಲಿಗೆ ಮುನ್ನ ಕನಿಷ್ಠ 14 ದಿನಗಳ ಅವಧಿ ಇರತಕ್ಕದ್ದು.
• ಗಲ್ಲಿನ ನಂತರ ಮರಣೋತ್ತರ ಪರೀಕ್ಷೆ ಕಡ್ಡಾಯ.
• ಸಂವಿಧಾನದಡಿ ಕ್ಷಮಾದಾನಾಧಿಕಾರ: ರಾಷ್ಟ್ರಪತಿ – ವಿಧಿ 72, ರಾಜ್ಯಪಾಲ – ವಿಧಿ 161.